ಸಿಂಗಪುರದ ತಂಗ್ಕಿಗಳು: ದೇವರು ಮೈಮೇಲೆ ಬರುವ ಚೀನೀ ಗುಡಿಗಳ ಬಗ್ಗೆ ಗೊತ್ತಿರುವವರು ಹೇಳಿ

ಬೆಡೋಕ್ ನಿವಾಸಿ:

ನಮ್ಮ ಬ್ಲಾಕ್ ಹಿಂದೆ ವರ್ಕ್‌ಶಾಪ್‌ಗಳ ಸಾಲು ಇದೆ. ಅದರಲ್ಲಿ ಒಂದು ಷಟರ್ ಒಳಗೆ ಚೀನೀ ಗುಡಿ. ಹಗಲು ಹೊತ್ತು ಅಲ್ಲಿ ಯಾರೂ ಕಾಣುವುದಿಲ್ಲ. ಕೆಲವು ರಾತ್ರಿ ಎಂಟರ ಮೇಲೆ ಡೋಲು, ಜಾಗಟೆ ಶುರುವಾಗುತ್ತದೆ. ಮೊನ್ನೆ ಊಟ ಮುಗಿಸಿ ಒಂದು ಸುತ್ತು ಹೋದಾಗ ಷಟರ್ ಪೂರ್ತಿ ತೆರೆದಿತ್ತು. ಒಳಗೆ ಎತ್ತರದ ಬಿಳಿ ಟೋಪಿ ಹಾಕಿದ ಒಬ್ಬ ಮನುಷ್ಯ. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಕಪ್ಪು ಬಿಯರ್. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ನಂಬರ್ ಚೀಟಿ ಹಿಡಿದು ಕೂತಿದ್ದರು. ಆಫೀಸ್ ಬಟ್ಟೆಯಲ್ಲಿದ್ದ ಒಬ್ಬ ಹುಡುಗಿ ಮಂಡಿಯೂರಿ ಅವನನ್ನು ಏನೋ ಕೇಳುತ್ತಿದ್ದಳು.

ಪಕ್ಕದ ಮನೆ ಆಂಟಿಯನ್ನು ಕೇಳಿದೆ. "ತಂಗ್ಕಿ. ದೇವರು ಬಂದಿದ್ದಾನೆ" ಅಂದು ನಕ್ಕರು. ಮುಂದೆ ಏನೂ ಹೇಳಲಿಲ್ಲ. ಯಾರು ಇವರು? ಪೂಜಾರಿಗಳಾ? ದೇವರು ಬಿಯರ್ ಕುಡಿಯುವುದು ಯಾಕೆ? ನಮ್ಮಂಥವರು ಹೋಗಿ ನೋಡಬಹುದಾ? ಸುಮ್ನೆ ಬೈಯುವವರು ದಯವಿಟ್ಟು ಬೇರೆ ಕಡೆ ಬೈಯಿರಿ.

ಕಡಲೆಪುರಿ:

ನನ್ನ ಹೆಂಡತಿಯ ಮನೆಯವರು ಮಲೇಷ್ಯಾದ ಪಿನಾಂಗಿನ ಹೊಕ್ಕಿಯನ್ ಚೀನೀಯರು, ಅಂದರೆ ಫುಜಿಯಾನ್ ಮೂಲದ ಹೊಕ್ಕಿಯನ್ ನುಡಿಯವರು. ಮಾವನವರು ಒಂದು ಸಣ್ಣ ಗುಡಿಯ ಕಮಿಟಿಯಲ್ಲಿದ್ದರು. ಹಾಗಾಗಿ ಹಿಂಬಾಗಿಲಿನಿಂದಲೂ ಇದನ್ನು ನೋಡಿದ್ದೇನೆ.

ತಂಗ್ಕಿ ಪೂಜಾರಿ ಅಲ್ಲ. ಚೀನೀ ಪುರೋಹಿತರು ಬೇರೆಯೇ ಇದ್ದಾರೆ. ಟಾವೋ ಮತದ ಗ್ರಂಥ ಕಲಿತು, ಗುರುವಿನಿಂದ ದೀಕ್ಷೆ ಪಡೆದವರು. ತಿಥಿ, ಶಾಂತಿ ಎಲ್ಲ ಅವರ ಕೆಲಸ. ತಂಗ್ಕಿಗೆ ಗ್ರಂಥ ಗೊತ್ತಿರಬೇಕಿಲ್ಲ. ಹಗಲು ಅವನು ಟ್ಯಾಕ್ಸಿ ಓಡಿಸಬಹುದು, ಹಾಕರ್ ಸೆಂಟರ್‌ನಲ್ಲಿ ಮೀನು ಹೆಚ್ಚಬಹುದು. ರಾತ್ರಿ ದೇವರು ಅವನ ಮೈ ಬಳಸುತ್ತಾನೆ, ಅಷ್ಟೇ. ಈ ಪದ್ಧತಿ ದಕ್ಷಿಣ ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ಬೇರೂರಿದ್ದು. ಅಲ್ಲಿಂದ ವಲಸೆ ಹೋದವರ ಜೊತೆ ತೈವಾನ್, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡಿನ ಫುಕೆಟ್ ತನಕ ಹೋಯಿತು.

ನಡೆಯುವುದು ಹೀಗೆ. ಗುಡಿಯಲ್ಲಿ ಬಲಿಪೀಠದ ಮುಂದೆ ಡ್ರ್ಯಾಗನ್ ಕೆತ್ತಿದ ಕೆಂಪು ಕುರ್ಚಿ ಇರುತ್ತದೆ. ತಂಗ್ಕಿ ಬನಿಯನ್, ಬಿಳಿ ಪ್ಯಾಂಟಿನಲ್ಲಿ ಬಂದು ಕೂರುತ್ತಾನೆ. ಊದುಬತ್ತಿಯ ಹೊಗೆ ಅವನ ಮುಖಕ್ಕೆ ಹಿಡಿಯುತ್ತಾರೆ. ಹುಡುಗರು ಡೋಲು ಬಾರಿಸುತ್ತ ದೇವರನ್ನು ಕರೆಯುವ ಹಾಡು ಹೇಳುತ್ತಾರೆ. ಮೊದಲು ಆಕಳಿಕೆ. ಆಮೇಲೆ ವಾಂತಿ ಬರುವ ಹಾಗೆ ಒಣ ಓಕರಿಕೆ. ಮಂಡಿ ನಡುಗಲು ಶುರುವಾಗುತ್ತದೆ, ನಡುಕ ಮೇಲೇರಿ ತಲೆ ಗಿರಗಿರ ಸುತ್ತುತ್ತದೆ. ಥಟ್ಟನೆ ಮೇಜಿಗೆ ಎರಡೂ ಕೈ ಬಡಿದು ಎದ್ದು ನಿಲ್ಲುತ್ತಾನೆ. ಆ ಹೊತ್ತಿಗೆ ಇಬ್ಬರು ಓಡಿಬಂದು ಎದೆಗೆ ಕಸೂತಿ ವಸ್ತ್ರ ಕಟ್ಟುತ್ತಾರೆ. ಯಾವ ದೇವರೋ ಆ ದೇವರ ಬಣ್ಣ, ಆ ದೇವರ ಆಯುಧ.

ನೀವು ನೋಡಿದ್ದು ತುವಾ ಯಾ ಪೆಕ್. ನರಕದ ಇಬ್ಬರು ಜಮಾದಾರರಲ್ಲಿ ಹಿರಿಯ. ಎತ್ತರ, ಬಿಳಿ ಬಟ್ಟೆ, ಹೊರಗೆ ಚಾಚಿದ ಉದ್ದ ನಾಲಿಗೆ. ಜೊತೆಗಾರ ಕುಳ್ಳ, ಕಪ್ಪು ಬಟ್ಟೆ. ಸತ್ತವರನ್ನು ಹಿಡಿದು ಒಯ್ಯುವುದು ಇವರ ಕೆಲಸ. ಸಿಂಗಪುರ, ಮಲೇಷ್ಯಾದಲ್ಲಿ ಕೆಲವು ದಶಕಗಳಿಂದ ಇವರಿಗೆ ಬೇಡಿಕೆ ಜಾಸ್ತಿ. ಸ್ವರ್ಗದ ದೊಡ್ಡ ದೇವರ ಹತ್ತಿರ ಹೋಗಿ ಸಾಲದ ಮಾತು, ಜೂಜಿನ ಮಾತು ಆಡಲು ಜನ ನಾಚುತ್ತಾರೆ. ಇವರ ಹತ್ತಿರ ಆ ಸಂಕೋಚ ಇಲ್ಲ. ಸ್ಟೌಟ್ ಬಿಯರ್, ಸಿಗರೇಟು ಇವರಿಗೆ ನೈವೇದ್ಯ.

ಒಂದು ವಿಷಯ ಗಮನಿಸಿ. ದೇವರು ನೇರವಾಗಿ ಮಾತಾಡಿದರೂ ಅರ್ಥ ಮಾಡಿಕೊಂಡು ಹೇಳುವವನು ಬೇರೆ. ತೋತಾವ್ ಅಂತಾರೆ ಅವನಿಗೆ. ಮೇಜಿನ ಪಕ್ಕದಲ್ಲೇ ನಿಂತಿರುತ್ತಾನೆ. ದೇವರು ಹಳೇ ನಾಟಕದ ಧಾಟಿಯಲ್ಲಿ, ಅರೆಬರೆ ಹೊಕ್ಕಿಯನ್‌ನಲ್ಲಿ ಏನೋ ಹೇಳುತ್ತಾನೆ. ತೋತಾವ್ ಅದನ್ನು ಬಿಡಿಸಿ ಹೇಳುತ್ತಾನೆ. ಸಿಂಗಪುರದಲ್ಲಿ 1979ರಲ್ಲಿ ಮ್ಯಾಂಡರಿನ್ ಮಾತಾಡಿ ಅಂತ ಸರ್ಕಾರ ಅಭಿಯಾನ ಶುರು ಮಾಡಿತಲ್ಲ, ಆಮೇಲಿನ ಹುಡುಗರಿಗೆ ಹೊಕ್ಕಿಯನ್ ಸರಿಯಾಗಿ ಬರುವುದಿಲ್ಲ. ಈಗ ತೋತಾವ್ ಮ್ಯಾಂಡರಿನ್, ಇಂಗ್ಲಿಷ್ ಎರಡರಲ್ಲೂ ಹೇಳಬೇಕು. ಅವನಿಲ್ಲದೆ ಮೇಜು ನಡೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಗುಡಿಯ ಅರ್ಧ ಬುದ್ಧಿ ಅವನದೇ.

ಮಳೆಗಾಲ:

ನಾನು ಉಡುಪಿ ಕಡೆಯವಳು. ಓದುತ್ತಿದ್ದರೆ ನಮ್ಮ ದರ್ಶನ ಪಾತ್ರಿಗಳು, ಭೂತದ ಕೋಲ ಎಲ್ಲ ಕಣ್ಣ ಮುಂದೆ ಬಂತು. ಎರಡೂ ಒಂದೇ ಅಲ್ವಾ?

ಕಡಲೆಪುರಿ:

ಹೊರಗಿಂದ ನೋಡಿದರೆ ಹಾಗೇ ಕಾಣುತ್ತದೆ. ಒಂದು ದೊಡ್ಡ ವ್ಯತ್ಯಾಸ ಇದೆ ಅಕ್ಕ. ಕೋಲ ಕಟ್ಟುವುದು ನಲಿಕೆ, ಪರವ, ಪಂಬದ ಮನೆತನಗಳಿಗೆ ಬಂದ ಹಕ್ಕು. ತಂಗ್ಕಿಗೆ ಜಾತಿ, ಮನೆತನ ಯಾವುದೂ ಇಲ್ಲ. ಯಾರ ಮೇಲೂ ಬರಬಹುದು. ಸಾಮಾನ್ಯವಾಗಿ ಯಾರಿಗೆ ಬೇಡವೋ ಅವರ ಮೇಲೇ ಬರುತ್ತದೆ ಅನ್ನುತ್ತಾರೆ. ಜಾತಕ "ಹಗುರ" ಇರುವವರು, ಅಂದರೆ ಆಯಸ್ಸು ಕಡಿಮೆ ಬರೆದಿರುವವರು, ದೇವರ ಕಣ್ಣಿಗೆ ಬೀಳುತ್ತಾರಂತೆ. ಸೇವೆ ಮಾಡಿದಷ್ಟು ದಿನ ದೇವರು ಆಯಸ್ಸು ಮುಂದಕ್ಕೆ ಹಾಕುತ್ತಾನೆ. ಅದೇ ಸಂಬಳ. ಕಾಯಿಲೆ, ಕೆಟ್ಟ ಕನಸು, ಕೆಲಸ ಹೋಗುವುದು, ಇವೆಲ್ಲ ಮುಗಿದ ಮೇಲೆ ಒಪ್ಪಿಕೊಳ್ಳುತ್ತಾರೆ.

ಹೋಲಿಕೆ ಅಲ್ಲಿಗೆ ಬಿಡೋಣ. ಇಲ್ಲದಿದ್ದರೆ ಚರ್ಚೆ ಪೂರ್ತಿ ತುಳುನಾಡಿಗೆ ಹೋಗುತ್ತದೆ, ಗೊತ್ತಲ್ಲ!

ನೇರಮಾತು:

ನಂಬರ್ ಚೀಟಿ ಕೊಟ್ಟು ದೇವರನ್ನು ತೋರಿಸುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ. ಜನ ಅಲ್ಲಿ ಕೇಳುವುದು ಏನು? ಲಾಟರಿ ನಂಬರ್. ಸಿಂಗಪುರದ ನಾಲ್ಕಂಕಿ ಲಾಟರಿಗೂ ಈ ಗುಡಿಗಳಿಗೂ ಇರುವ ನಂಟು ಎಲ್ಲರಿಗೂ ಗೊತ್ತು.

ಇನ್ನೂ ಕೆಟ್ಟದ್ದಿದೆ. ಏಡ್ರಿಯನ್ ಲಿಮ್ ಹೆಸರು ಕೇಳಿದ್ದೀರಾ? ಟೋವಾ ಪಾಯೋ ಫ್ಲ್ಯಾಟ್‌ನಲ್ಲಿ ಕೂತು ತಾನು ದೇವರ ಮಾಧ್ಯಮ ಅಂತ ಹೇಳಿಕೊಂಡವನು. ಮೊಟ್ಟೆಯೊಳಗೆ ಕಪ್ಪು ಮಾಡಿದ ಸೂಜಿ ಮೊದಲೇ ಸೇರಿಸಿ, ಗಿರಾಕಿಯ ಮುಂದೆ ಒಡೆದು "ನಿನ್ನ ಮೇಲೆ ದೆವ್ವ ಇತ್ತು" ಅನ್ನುತ್ತಿದ್ದ. ಹೆಂಗಸರನ್ನು ಬಳಸಿಕೊಂಡ. 1981ರಲ್ಲಿ ಇಬ್ಬರು ಮಕ್ಕಳ ಕೊಲೆ ಮಾಡಿದ. 1988ರ ನವೆಂಬರ್‌ನಲ್ಲಿ ಅವನನ್ನೂ ಜೊತೆಗಿದ್ದ ಇಬ್ಬರು ಹೆಂಗಸರನ್ನೂ ಗಲ್ಲಿಗೇರಿಸಿದರು. ಸಂಸ್ಕೃತಿ, ಪರಂಪರೆ ಅನ್ನುವ ಮೊದಲು ಇದನ್ನೂ ಹೇಳಿ.

ಕಡಲೆಪುರಿ:

ಹೇಳಲೇಬೇಕು. ಆ ಪ್ರಕರಣದ ನೆರಳು ಇವತ್ತಿಗೂ ಇದೆ. ನನ್ನ ಅತ್ತೆ ಫ್ಲ್ಯಾಟ್ ಒಳಗೆ ಮೇಜು ಇಟ್ಟುಕೊಂಡ ಯಾವ ತಂಗ್ಕಿಯ ಹತ್ತಿರವೂ ಹೋಗುವುದಿಲ್ಲ.

ಆದರೆ ಲಿಮ್ ಹೇಗೆ ನಡೆಸುತ್ತಿದ್ದ ನೋಡಿ. ಅವನ ಹಿಂದೆ ಗುಡಿ ಇರಲಿಲ್ಲ, ಕಮಿಟಿ ಇರಲಿಲ್ಲ, ತೋತಾವ್ ಇರಲಿಲ್ಲ. ಕಾಳಿ, ಸಯಾಮಿನ ದೇವರು, ಸಿಕ್ಕಿದ್ದೆಲ್ಲ ಕಲಸಿ ಮುಚ್ಚಿದ ಬಾಗಿಲ ಹಿಂದೆ ತಾನೇ ದೇವರು, ತಾನೇ ಅರ್ಥ ಹೇಳುವವನು, ತಾನೇ ದುಡ್ಡು ಎಣಿಸುವವನು.

ಗುಡಿಯಲ್ಲಿ ಹೊಸಬ ಒಬ್ಬ ನಡುಗುತ್ತ ಬಂದು "ನಾನು ಮೂರನೇ ರಾಜಕುಮಾರ" (ನೆಝಾ ಎಂಬ ಮಗು ದೇವರು) ಅಂದರೆ ಯಾರೂ ತಕ್ಷಣ ಅಡ್ಡ ಬೀಳುವುದಿಲ್ಲ. ದೆವ್ವವೂ ದೇವರ ಹೆಸರು ಹೇಳಿಕೊಂಡು ಬರಬಹುದಲ್ಲ. ಮೊದಲು ಗುಡಿಯ ದೇವರನ್ನೇ ಕೇಳಿ ನೋಡುತ್ತಾರೆ. ಅರ್ಧಚಂದ್ರದ ಆಕಾರದ ಎರಡು ಮರದ ತುಂಡು ಇರುತ್ತವೆ, ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು. ವಿಗ್ರಹದ ಮುಂದೆ ಎಸೆಯುತ್ತಾರೆ. ಒಂದು ಚಪ್ಪಟೆ, ಒಂದು ಉಬ್ಬು ಬಿದ್ದರೆ ಹೌದು. ದೊಡ್ಡ ವಿಷಯಕ್ಕೆ ಸತತ ಮೂರು ಸಲ ಹಾಗೇ ಬೀಳಬೇಕು. ಆಮೇಲೆ ಗುಡಿಯೊಳಗೇ ಕೂಡಿಹಾಕಿ ವ್ರತ. ಕೆಲವು ಕಡೆ 7 ದಿನ, ಕೆಲವು ಕಡೆ 49. ಹೊರಬಂದಾಗ ದೇವರು ಅವನ ಬಾಯಿಂದ ಮಾತಾಡಬೇಕು, ಅವನು ಕೆಂಡ ಹಾಯಬೇಕು. ಕತ್ತಿಯ ಅಲಗನ್ನೇ ಮೆಟ್ಟಿಲು ಮಾಡಿದ ಏಣಿ ಹತ್ತಿಸುವುದೂ ಉಂಟು. 36 ಮೆಟ್ಟಿಲು, 72, ದೊಡ್ಡ ಉತ್ಸವದಲ್ಲಿ 108. ಪಾಸಾದರೂ ತಿಂಗಳುಗಟ್ಟಲೆ ಹಳೇ ತಂಗ್ಕಿಯ ಪಕ್ಕ ನಿಲ್ಲಬೇಕು.

ದುಡ್ಡಿನ ಮಾತು. ಕೆಂಪು ಲಕೋಟೆಯಲ್ಲಿ ಇಷ್ಟ ಬಂದಷ್ಟು ಹಾಕುತ್ತಾರೆ, ಅದು ಹುಂಡಿಗೆ ಹೋಗುತ್ತದೆ. ಯಾರು ಎಷ್ಟು ಕೊಟ್ಟರು ಅಂತ ಗುಲಾಬಿ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಗುಡಿಗೆ ನಿಜವಾದ ಆದಾಯ ಹರಾಜಿನದು. ದೇವರ ಹುಟ್ಟುಹಬ್ಬದ ಊಟದ ರಾತ್ರಿ ಪೂಜೆಗೆ ಇಟ್ಟ ಸಾಮಾನು ಹರಾಜು ಹಾಕುತ್ತಾರೆ. ಕೆಂಪು ರಿಬ್ಬನ್ ಕಟ್ಟಿದ ಒಂದು ತುಂಡು ಇದ್ದಿಲಿಗೆ "ಕಪ್ಪು ಚಿನ್ನ" ಅಂತ ಹೆಸರು. ಅದು ಸಾವಿರಾರು ಡಾಲರಿಗೆ ಹೋಗುತ್ತದೆ. ಕೂಗಿದವರು ಮುಂದಿನ ವರ್ಷದ ಊಟದ ಹೊತ್ತಿಗೆ ದುಡ್ಡು ಕಟ್ಟಿದರೆ ಸಾಕು. ಮಾವನವರು ಇದರ ಲೆಕ್ಕದ ಪುಸ್ತಕ ಬರೆಯುತ್ತಿದ್ದರು. ತಂಗ್ಕಿ ಎಷ್ಟೇ ದೊಡ್ಡ ದೇವರಾದರೂ ಆ ಪುಸ್ತಕ ಮುಟ್ಟುವ ಹಾಗಿರಲಿಲ್ಲ.

ಹಳೆಪುಟ:

ಕಮಿಟಿ ಇದ್ದರೆ ಸಾಕು ಅನ್ನುವುದಕ್ಕೆ ಒಂದು ಹಳೇ ಚೀನೀ ಕಥೆ ಅಡ್ಡ ಬರುತ್ತದೆ. ಶಿಮೆನ್ ಬಾವೊ ಕಥೆ. ಕ್ರಿಸ್ತಪೂರ್ವ 5ನೇ ಶತಮಾನದ ಕೊನೆಯ ಹೊತ್ತು. ವೇ ರಾಜ್ಯದ ಯೆ ಎಂಬ ಊರಿಗೆ ಇವನು ಅಧಿಕಾರಿಯಾಗಿ ಬಂದ. ಊರು ಬಡವಾಗಿತ್ತು. ಯಾಕೆ ಅಂತ ಕೇಳಿದ. ಹೊಳೆ ದೇವರಿಗೆ ಪ್ರತಿ ವರ್ಷ ಮದುವೆ ಮಾಡಬೇಕು ಸ್ವಾಮಿ ಅಂದರು. ಊರ ಹಿರಿಯರು, ಗುಮಾಸ್ತರು ಸೇರಿ ತೆರಿಗೆ ಎತ್ತುತ್ತಿದ್ದರು. ಮದುವೆಗೆ ಒಂದಷ್ಟು ಖರ್ಚು, ಉಳಿದದ್ದು ದೇವರ ಮಾಧ್ಯಮಳಾದ ಮುದುಕಿಯ ಜೊತೆ ಹಂಚಿಕೆ. ಬಡವರ ಮನೆಯ ಚೆಂದದ ಹುಡುಗಿಯನ್ನು ಮುದುಕಿ ಆರಿಸುವಳು. ಸಿಂಗರಿಸಿ ಹಾಸಿಗೆ ಮೇಲೆ ಕೂರಿಸಿ ಹೊಳೆಗೆ ತೇಲಿ ಬಿಡುವರು.

ಮದುವೆ ದಿನ ಶಿಮೆನ್ ಬಾವೊ ದಡಕ್ಕೆ ಹೋದ. ಮುದುಕಿಗೆ ಎಪ್ಪತ್ತು ವಯಸ್ಸು, ಹಿಂದೆ ಹತ್ತು ಜನ ಶಿಷ್ಯೆಯರು. ಹುಡುಗಿಯನ್ನು ನೋಡಿ "ಇವಳು ಅಷ್ಟು ಚೆಂದ ಇಲ್ಲ. ಬೇರೆ ಹುಡುಗಿ ತರುತ್ತೇವೆ ಅಂತ ಅಜ್ಜಿ ಹೋಗಿ ದೇವರಿಗೆ ಹೇಳಿ ಬರಲಿ" ಅಂದ. ಸಿಪಾಯಿಗಳು ಅಜ್ಜಿಯನ್ನು ಎತ್ತಿ ನೀರಿಗೆ ಹಾಕಿದರು. ಸ್ವಲ್ಪ ಹೊತ್ತು ಕಾದ. "ಯಾಕೋ ತಡವಾಯಿತು" ಅಂದು ಒಬ್ಬ ಶಿಷ್ಯೆಯನ್ನು ಹಾಕಿಸಿದ. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. "ಹೆಂಗಸರಿಗೆ ಸರಿಯಾಗಿ ಹೇಳಲು ಬರುವುದಿಲ್ಲ ಅಂತ ಕಾಣುತ್ತದೆ" ಅಂದು ಊರ ಹಿರಿಯನನ್ನೇ ಕಳಿಸಿದ. ಹೊಳೆಗೆ ಮುಖ ಮಾಡಿ, ಬೆನ್ನು ಬಾಗಿಸಿ, ಭಕ್ತಿಯಿಂದ ಕಾಯುತ್ತ ನಿಂತ. ಉಳಿದ ಗುಮಾಸ್ತರು ಹಣೆ ಒಡೆದು ರಕ್ತ ಬರುವ ತನಕ ನೆಲಕ್ಕೆ ಬಡಿದುಕೊಂಡರು. ಆ ಊರಲ್ಲಿ ಮತ್ತೆ ಯಾರೂ ಹೊಳೆ ದೇವರ ಮದುವೆ ಮಾತು ಎತ್ತಲಿಲ್ಲ. ಆಮೇಲೆ ಅವನು ಜನರಿಂದ 12 ಕಾಲುವೆ ತೋಡಿಸಿ ಹೊಲಕ್ಕೆ ನೀರು ಹರಿಸಿದ.

ಅಂದಿನಿಂದಲೂ ಚೀನಾದ ಅಧಿಕಾರಿಗಳಿಗೂ ಮಾಧ್ಯಮಗಳಿಗೂ ಆಗಿಬಂದದ್ದಿಲ್ಲ. ಮಿಂಗ್, ಚಿಂಗ್ ರಾಜವಂಶಗಳ ಕಾಲದ ಕಾನೂನಿನಲ್ಲಿ ಸುಳ್ಳು ದೇವರನ್ನು ಇಳಿಸುವವರ ಮುಖ್ಯಸ್ಥನಿಗೆ ಕತ್ತು ಬಿಗಿದು ಮರಣದಂಡನೆ ಅಂತಲೇ ಬರೆದಿತ್ತು. ತೈವಾನನ್ನು ಜಪಾನೀಯರು ಆಳಿದಾಗ (1895–1945) ಅಲ್ಲಿನ ಪೊಲೀಸರೂ ತಂಗ್ಕಿಗಳನ್ನು ಹಿಡಿಯುತ್ತಿದ್ದರು. 1949ರ ನಂತರ ಚೀನಾದಲ್ಲಿ ಇದು "ಊಳಿಗಮಾನ್ಯ ಮೂಢನಂಬಿಕೆ". ಗುಡಿಗಳು ಗೋದಾಮುಗಳಾದವು. 1980ರ ದಶಕದಲ್ಲಿ ಫುಜಿಯಾನ್ ಹಳ್ಳಿಗಳಲ್ಲಿ ಮತ್ತೆ ಚಿಗುರಿತು. ಸಿಂಗಪುರ, ಮಲೇಷ್ಯಾ, ತೈವಾನಿನ ಚೀನೀಯರು ದುಡ್ಡು ಹಾಕಿ ಮೂಲ ಗುಡಿಗಳನ್ನು ಮತ್ತೆ ಕಟ್ಟಿಸಿದರು.

ನೇರಮಾತು:

ನೋಡಿ! ಹೊಳೆ ದೇವರಿಗೂ ಕಮಿಟಿ ಇತ್ತಲ್ಲ. ಲೆಕ್ಕ ಬರೆಯುವವರೇ ಹಂಚಿಕೊಂಡರೆ ಕಡಲೆಪುರಿಯವರ ವಾದ ಏನಾಯಿತು?

ಕಡಲೆಪುರಿ:

ಯೆ ಊರಿನ ಜನಕ್ಕೆ ಆ ಹೊಳೆ ಬಿಟ್ಟು ಹೋಗಲು ಬೇರೆ ಜಾಗ ಇರಲಿಲ್ಲ. ತೆರಿಗೆ ಕಟ್ಟಲೇಬೇಕಿತ್ತು. ಇಲ್ಲಿ ಒಂದು ಗುಡಿ ಸರಿಯಿಲ್ಲ ಅನ್ನಿಸಿದರೆ ಮುಂದಿನ ಬೀದಿಯಲ್ಲಿ ಇನ್ನೊಂದಿದೆ. ಸುಳ್ಳು ಹೇಳಿದ ತಂಗ್ಕಿಯ ಮುಂದೆ ಕುರ್ಚಿ ಖಾಲಿ. ಹಾಗಂತ ಮೋಸ ಇಲ್ಲವೇ ಇಲ್ಲ ಅನ್ನಲಾರೆ. ಕಮಿಟಿಯವರು ಜಗಳವಾಡಿ ಗುಡಿ ಎರಡಾಗಿದ್ದು ನಮ್ಮ ಮಾವನವರ ಕಾಲದಲ್ಲೇ ಆಗಿದೆ. ದೇವರು ಎರಡೂ ಕಡೆ ಬರುತ್ತಿದ್ದ, ಪರಸ್ಪರ ಬೈಯುತ್ತಿದ್ದ!

ಬಿಳಿಕೋಟು:

ಮನೋವೈದ್ಯೆ. ನಂಬಿಕೆ ವಿಷಯಕ್ಕೆ ಬರುವುದಿಲ್ಲ, ದೇಹದ ವಿಷಯ ಮಾತ್ರ.

ಡೋಲು, ಹೊಗೆ, ವೇಗದ ಉಸಿರು, ವರ್ಷಗಳ ಅಭ್ಯಾಸ, ಸುತ್ತ ಜನರ ನಿರೀಕ್ಷೆ. ಇಷ್ಟು ಸೇರಿದರೆ "ನಾನು" ಅನ್ನುವ ಅರಿವು ಪಕ್ಕಕ್ಕೆ ಸರಿಯುವುದು ನಿಜವೇ. ಎಲ್ಲವೂ ನಟನೆ ಆಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ, ಅಂದರೆ ಐಸಿಡಿ 11ರಲ್ಲಿ, ಮೈಮೇಲೆ ಬರುವ ತೊಂದರೆ ಅಂತ ಒಂದು ರೋಗವೇ ಇದೆ. ಆದರೆ ಆ ಸಮಾಜ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿ ಬಂದರೆ ಅದು ರೋಗವಲ್ಲ ಅಂತ ಅಲ್ಲೇ ಸ್ಪಷ್ಟವಾಗಿದೆ. ಬೇಡವಾಗಿ ಬರಬೇಕು, ಮತ್ತೆ ಮತ್ತೆ ಬರಬೇಕು, ಬದುಕಿಗೆ ಅಡ್ಡಿಯಾಗಬೇಕು. ಆಗ ನಮ್ಮ ಹತ್ತಿರ ಕರೆತನ್ನಿ.

ದೇವರು ಬಂದಾಗ ಕೆಲವರು ಕೆನ್ನೆಗೆ ಸಲಾಕೆ ಚುಚ್ಚಿಸಿಕೊಳ್ಳುತ್ತಾರಲ್ಲ, ಅದರ ಬಗ್ಗೆಯೂ ಕೇಳುತ್ತಾರೆ. ಚೂಪಾದ ಸಪೂರ ಸಲಾಕೆ ಮಾಂಸವನ್ನು ಕತ್ತರಿಸುವುದಕ್ಕಿಂತ ಪಕ್ಕಕ್ಕೆ ಸರಿಸುತ್ತದೆ, ಒಳಗಿರುವ ತನಕ ಗಾಯವನ್ನೂ ಒತ್ತಿ ಹಿಡಿದಿರುತ್ತದೆ. ಆ ಉದ್ವೇಗದಲ್ಲಿ ನೋವೂ ಕಡಿಮೆ ಗೊತ್ತಾಗುತ್ತದೆ. ನನ್ನ ಭಯ ನೋವಿನದಲ್ಲ, ಸೋಂಕಿನದು. ಒಂದೇ ಸಲಾಕೆ ಇಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಎರಡೂ ಹರಡಬಹುದು. ದೇವರಿಗೆ ಸೋಂಕು ತಗಲದಿರಬಹುದು, ಮೈ ಕೊಟ್ಟವನಿಗೆ ತಗಲುತ್ತದೆ.

ಹ್ಸಿಂಚು ಹುಡುಗ:

ತೈವಾನಿನಲ್ಲಿ ಚಿಪ್ ಕಂಪನಿಯಲ್ಲಿದ್ದೇನೆ. ಇಲ್ಲಿ ಇದು ಇನ್ನೂ ಜೋರು. ತೈನಾನ್ ಹತ್ತಿರ ಕಡಲ ತೀರದಲ್ಲಿ ನಾನ್‌ಕುನ್‌ಶೆನ್ ಗುಡಿ ಅಂತ ಇದೆ. 1662ರದ್ದು ಅನ್ನುತ್ತಾರೆ. ಅಲ್ಲಿ ಐದು ಜನ ರಾಜದೇವರು. ಚೀನೀ ಪಂಚಾಂಗದ ನಾಲ್ಕನೇ ತಿಂಗಳ ಕೊನೆಗೆ ಜಾತ್ರೆ. ಇಡೀ ದ್ವೀಪದ ಸಣ್ಣ ಗುಡಿಗಳು ತಮ್ಮ ದೇವರನ್ನು ಪಲ್ಲಕ್ಕಿಯಲ್ಲಿ ಹೊತ್ತು ಮೂಲ ದೇವರನ್ನು ನೋಡಲು ಬರುತ್ತವೆ. ಬಸ್ಸಿಂದ ಇಳಿದ ತಕ್ಷಣ ಅಂಗಳದಲ್ಲೇ ತಂಗ್ಕಿಗಳಿಗೆ ದೇವರು ಬರುತ್ತದೆ. ಕೈಗೆ ಐದು ಆಯುಧ. ಏಳು ನಕ್ಷತ್ರದ ಕತ್ತಿ, ಗರಗಸ ಮೀನಿನ ಮೂತಿಯ ಕತ್ತಿ, ಚಂದ್ರಕೊಡಲಿ, ಮೊಳೆ ಹೊಡೆದ ಗದೆ, ಮೊಳೆಗಳ ಚೆಂಡು. ಬೆನ್ನಿಗೆ, ಹಣೆಗೆ ಬಡಿದುಕೊಳ್ಳುತ್ತಾರೆ. ಪಕ್ಕದವನು ಬಾಯಲ್ಲಿ ಅಕ್ಕಿ ಹೆಂಡ ತುಂಬಿಕೊಂಡು ಗಾಯದ ಮೇಲೆ ಫೂ ಅಂತ ಉಗುಳುತ್ತಾನೆ. ಸುರಿದ ರಕ್ತಕ್ಕೆ ಬೆಲೆ ಇದೆ. ಹಳದಿ ಕಾಗದಕ್ಕೆ ಒತ್ತಿದರೆ ಅದು ಯಂತ್ರ. ಬಾಗಿಲಿಗೆ ಅಂಟಿಸುತ್ತಾರೆ. ಇಲ್ಲಾ ಸುಟ್ಟು ಬೂದಿಯನ್ನು ನೀರಿಗೆ ಹಾಕಿ ಕುಡಿಯುತ್ತಾರೆ.

ನನಗೆ ಇಷ್ಟವಾದವನು ಮೂರನೇ ರಾಜಕುಮಾರ, ನೆಝಾ. ಮಗು ದೇವರು. ಮೈಮೇಲೆ ಬಂದರೆ ಐವತ್ತು ವರ್ಷದ ಹೊಟ್ಟೆ ಗಂಡಸು ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡು, ಕೀರಲು ದನಿಯಲ್ಲಿ ಮಿಠಾಯಿ ಕೇಳುತ್ತಾನೆ! ನಗಬಾರದು. ಮಗುವಾದರೂ ದೊಡ್ಡ ಸೇನಾಪತಿ. ಡ್ರ್ಯಾಗನ್ ರಾಜನ ಮಗನನ್ನು ಕೊಂದವನು. ಅದರ ತಪ್ಪು ಅಪ್ಪ ಅಮ್ಮನ ಮೇಲೆ ಬರಬಾರದು ಅಂತ ತನ್ನ ಮಾಂಸ, ಎಲುಬು ಕತ್ತರಿಸಿ ಅವರಿಗೇ ವಾಪಸ್ ಕೊಟ್ಟು, ಕಮಲದ ದೇಹದಲ್ಲಿ ಮತ್ತೆ ಹುಟ್ಟಿದವನು. 2009ರಲ್ಲಿ ಕಾವ್‌ಶ್ಯುಂಗ್‌ನಲ್ಲಿ ವಿಶ್ವ ಕ್ರೀಡಾಕೂಟ ಆಯಿತಲ್ಲ, ಉದ್ಘಾಟನೆಯಲ್ಲಿ ನೆಝಾ ಬೊಂಬೆ ವೇಷದವರು ಟೆಕ್ನೋ ಸಂಗೀತಕ್ಕೆ ಕುಣಿದರು. ಅದು ಬರೀ ವೇಷ, ಮೈಮೇಲೆ ಬಂದದ್ದಲ್ಲ.

ಹಳೆಪುಟ:

ನೆಝಾ ನಮ್ಮವನೇ ಅಂದರೆ ನಂಬುತ್ತೀರಾ? ಭಾಗವತದಲ್ಲಿ ಎರಡು ಮತ್ತಿ ಮರ ಆಗಿ ನಿಂತಿದ್ದ ಕುಬೇರನ ಮಕ್ಕಳು ನೆನಪಿದೆಯಲ್ಲ? ಮಗು ಕೃಷ್ಣ ಒರಳು ಎಳೆದು ಬೀಳಿಸಿದ್ದು. ಅವರಲ್ಲಿ ನಲಕೂಬರ ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋದ. ಅಲ್ಲಿ ಕುಬೇರ ಕೈಯಲ್ಲಿ ಗೋಪುರ ಹಿಡಿದ ಸೇನಾಪತಿಯಾದ, ಮಗ ನೆಝಾ ಆದ. ಅಪ್ಪ ಮಗನ ಜಗಳ ಚೀನೀಯರು ಸೇರಿಸಿದ್ದು.

ಸಂಜೆಮಲ್ಲಿಗೆ:

ಎಲ್ಲ ಕಡೆ "ಅವನು, ಅವನು" ಅಂತಲೇ ಇದೆ. ಹೆಂಗಸರ ಮೇಲೆ ದೇವರು ಬರುವುದಿಲ್ಲವಾ?

ಹ್ಸಿಂಚು ಹುಡುಗ:

ಬರುತ್ತದೆ ಮೇಡಂ. ಆದರೆ ಕೆಲಸ ಬೇರೆ. ಸತ್ತವರನ್ನು ಕರೆದು ಮಾತಾಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ತೈವಾನಿನಲ್ಲಿ ಅವರಿಗೆ ಆಂಗ್‌ಯಿ ಅನ್ನುತ್ತಾರೆ. ಕ್ಯಾಂಟನೀಸ್ ಕಡೆ ಅಕ್ಕಿ ಕೇಳುವ ಅಜ್ಜಿಯರು ಇದ್ದಾರೆ. ಸತ್ತವರ ಮನೆಯಿಂದ ಒಂದು ಹಿಡಿ ಅಕ್ಕಿ ತಂದು ಮುಂದೆ ಸುರಿಯಬೇಕು. ಅಜ್ಜಿ ಅದನ್ನು ಕೈಯಾಡಿಸುತ್ತ ಸತ್ತವರ ದನಿಯಲ್ಲಿ ಮಾತಾಡುತ್ತಾಳೆ. ಗುಡಿಯ ದೊಡ್ಡ ದೇವರು, ಆಯುಧ, ಮೆರವಣಿಗೆ ಬಹುಪಾಲು ಗಂಡಸರ ಕೈಯಲ್ಲೇ. ಮುಟ್ಟಿನ ಮೈಲಿಗೆ ಕಾರಣ ಕೊಡುತ್ತಾರೆ. 1980ರ ದಶಕದಿಂದ ಇಲ್ಲಿ ಹೊಸ ಬಗೆಯ ಮಾಧ್ಯಮಗಳು ಬಂದಿದ್ದಾರೆ. ಕತ್ತಿ ಇಲ್ಲ, ರಕ್ತ ಇಲ್ಲ, ಹಾಡು ಮತ್ತು ಕುಣಿತ. ಅವರಲ್ಲಿ ಹೆಂಗಸರೇ ಜಾಸ್ತಿ.

ಬಿಳಿಕೋಟು:

ಇದಕ್ಕೆ ಸಂಬಂಧಿಸಿದ ಒಂದು ನಿಜವಾದ ಪ್ರಕರಣ ನನ್ನನ್ನು ಕಾಡುತ್ತದೆ. 1960ರಲ್ಲಿ ಉತ್ತರ ತೈವಾನಿನ ಒಂದು ಹಳ್ಳಿಯಲ್ಲಿ ನಡೆದದ್ದು. ಮಾನವಶಾಸ್ತ್ರಜ್ಞೆ ಮಾರ್ಜರಿ ವುಲ್ಫ್ ಆಗ ಆ ಹಳ್ಳಿಯಲ್ಲೇ ಇದ್ದು, ವರ್ಷಗಳ ನಂತರ ಅದರ ಬಗ್ಗೆ ಬರೆದರು. ಮಕ್ಕಳ ತಾಯಿ, ಬಡವಳು. ಒಂದು ದಿನ ಗದ್ದೆಯ ನೀರಿಗೆ ಹಾರಿದಳು. ಆಸ್ಪತ್ರೆಗೆ ಸೇರಿಸಿ ಮನೆಗೆ ತಂದ ಮೇಲೆ ದೇವರು ಬಂದ ಹಾಗೆ ಮಾತಾಡಲು ಶುರು ಮಾಡಿದಳು. ಜನ ಬಂದರು, ಪ್ರಶ್ನೆ ಕೇಳಿದರು, ಉತ್ತರ ಸರಿಯಾಗಿದೆ ಅಂದರು. ಕೆಲವು ವಾರ ಹಳ್ಳಿ ಎರಡು ಮಾತಾಡಿತು. ಕೊನೆಗೆ ಇದು ದೇವರಲ್ಲ, ಅವಳಿಗೆ ಹುಚ್ಚು ಅಂತ ತೀರ್ಮಾನವಾಯಿತು.

ಆ ಮನೆಯವರು ಹೊರಗಿಂದ ಬಂದು ನೆಲೆಸಿದವರು. ಊರಲ್ಲಿ ನೆಂಟರಿಲ್ಲ. ಅವಳ ಪರ ಗಟ್ಟಿಯಾಗಿ ನಿಲ್ಲುವ ಗಂಡಸರಿಲ್ಲ. ಅದೇ ನಡುಕ, ಅದೇ ಮಾತು ಊರಿನ ದೊಡ್ಡ ಮನೆಯ ಹುಡುಗನಿಗೆ ಬಂದಿದ್ದರೆ? ಕಡಲೆಪುರಿಯವರು ಕಮಿಟಿಯ ಪರೀಕ್ಷೆ ಹೊಗಳಿದರು. ಆ ಪರೀಕ್ಷೆ ನಡೆಸುವವರು ಯಾರು, ಯಾರನ್ನು ಪಾಸು ಮಾಡುತ್ತಾರೆ ಅಂತಲೂ ಕೇಳಬೇಕು.

ಸಂಜೆಮಲ್ಲಿಗೆ:

ಇದನ್ನು ಓದಿ ಹೊಟ್ಟೆ ತೊಳಸಿದ ಹಾಗಾಯಿತು. ಉತ್ತರ ಸರಿಯಾಗಿದ್ದರೂ ನೆಂಟರಿಲ್ಲ ಅಂತ ಫೇಲು.

ಕಡಲೆಪುರಿ:

ಒಪ್ಪುತ್ತೇನೆ ಡಾಕ್ಟ್ರೇ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪಿನಾಂಗಿನಲ್ಲೂ ಕಮಿಟಿ ಪೂರ್ತಿ ಗಂಡಸರದೇ. ಅಡುಗೆ, ಹೂವು, ದೇವರಿಗೆ ಸುಡುವ ಕಾಗದದ ಚಿನ್ನ ಮಡಚುವುದು, ಇವೆಲ್ಲ ಅತ್ತೆ ಮತ್ತು ಅವರ ಗೆಳತಿಯರ ಪಾಲು. ಆದರೆ ಮೇಜಿನ ಮುಂದೆ ಪ್ರಶ್ನೆ ಕೇಳಲು ಕೂತವರಲ್ಲಿ ಹೆಂಗಸರೇ ಹೆಚ್ಚು. ಗಂಡ ಕುಡಿಯುತ್ತಾನೆ, ಸೊಸೆ ಮಾತಾಡುವುದಿಲ್ಲ, ಮಗು ರಾತ್ರಿ ಕಿರುಚುತ್ತದೆ. ಒಮ್ಮೆ ಒಬ್ಬ ಅತ್ತೆ ಸೊಸೆಯನ್ನು ಎಳೆದುಕೊಂಡು ಬಂದು ದೂರು ಹೇಳಿದಳು. ವಾನರ ದೇವರು ಬಂದಿತ್ತು. ಕುರ್ಚಿ ಮೇಲೆ ಕುಕ್ಕರಗಾಲಲ್ಲಿ ಕೂತು, ಕಡಲೆಕಾಯಿ ಸುಲಿಯುತ್ತ ಪೂರ್ತಿ ಕೇಳಿತು. ಆಮೇಲೆ ಸಿಪ್ಪೆಯನ್ನು ಅತ್ತೆಯ ಮಡಿಲಿಗೆ ಎಸೆದು ಏನೋ ಕಿರುಚಿತು. ತೋತಾವ್ ಗಂಟಲು ಸರಿ ಮಾಡಿಕೊಂಡು, "ಸೊಸೆಯನ್ನು ಒಂದು ತಿಂಗಳು ತವರಿಗೆ ಕಳಿಸಬೇಕಂತೆ, ಅಡುಗೆ ನೀವೇ ಮಾಡಬೇಕಂತೆ" ಅಂದ. ಆ ಹುಡುಗಿಗೆ ಆ ಮಾತನ್ನು ಬೇರೆ ಯಾರು ಹೇಳಿದ್ದರೂ ನಡೆಯುತ್ತಿರಲಿಲ್ಲ.

ನೇರಮಾತು:

ಇದು ದೇವರಲ್ಲ, ಬುದ್ಧಿವಂತ ತೋತಾವ್.

ಕಡಲೆಪುರಿ:

ಆಗಬಹುದು. ಹುಡುಗಿ ತವರಿಗೆ ಹೋದದ್ದಂತೂ ನಿಜ.

ಹಳೆಪುಟ:

ಓದುಬರಹ ಬಲ್ಲವರು ಈ ರಕ್ತ, ಕೂಗಾಟ ಇಷ್ಟಪಡಲಿಲ್ಲ. ಅವರಿಗೆ ಬೇರೆ ದಾರಿ ಇತ್ತು. ಮರಳು ಹರಡಿದ ತಟ್ಟೆ, ಇಬ್ಬರು ಹಿಡಿದ ಕವಲು ಕೋಲು. ದೇವರು ಅದರಿಂದ ಅಕ್ಷರ ಬರೆಯುತ್ತಾನೆ, ಒಬ್ಬ ಓದುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ. ಸೋಂಗ್ ರಾಜವಂಶದ ಕಾಲದ ವಿದ್ವಾಂಸರು ಹೀಗೆ ದೇವತೆಗಳಿಂದ ಪದ್ಯ ಬರೆಸಿಕೊಂಡಿದ್ದಾರೆ. ಮುಂದೆ ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬರುತ್ತದೆ ಅಂತ ಕೇಳುವವರೂ ಇದ್ದರಂತೆ! ಇಂಥ ಬರಹದಿಂದಲೇ ಹೊಸ ಪಂಥಗಳು ಹುಟ್ಟಿವೆ. ವಿಯೆಟ್ನಾಮಿನಲ್ಲಿ 1926ರಲ್ಲಿ ಸ್ಥಾಪನೆಯಾದ ಕಾವೊದಾಯಿ ಪಂಥಕ್ಕೂ ದೇವರು ಬರೆಸಿದ ಮಾತೇ ಆಧಾರ.

ಬೆಡೋಕ್ ನಿವಾಸಿ:

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಹೋಗಿ ನೋಡಬೇಕು ಅನ್ನಿಸಿದೆ. ಆಂಟಿಯನ್ನು ಮತ್ತೆ ಕೇಳಿದೆ. ಈ ಸಲ ಅವರೇ ಕರೆದುಕೊಂಡು ಹೋಗುತ್ತೇನೆ ಅಂದರು. ನಾವು ಹಿಂದೂಗಳು, ಏನಾದರೂ ಅಂದುಕೊಳ್ಳುತ್ತಾರಾ? ಮಗಳಿಗೆ ಆರು ವರ್ಷ, ಅವಳೂ ಬರುತ್ತೇನೆ ಅಂತ ಹಟ. ಮೊಬೈಲಿನಲ್ಲಿ ಫೋಟೋ ತೆಗೆಯಬಹುದಾ?

ಕಡಲೆಪುರಿ:

ಹಿಂದೂ ಅನ್ನುವ ಚಿಂತೆ ಬಿಡಿ. ವಾಟರ್‌ಲೂ ಸ್ಟ್ರೀಟ್‌ಗೆ ಹೋಗಿ ನೋಡಿ. ಕರುಣೆಯ ದೇವತೆ ಗುವಾನ್‌ಯಿನ್ ಗುಡಿಗೆ ಬಂದ ಚೀನೀಯರು ಪಕ್ಕದ ಕೃಷ್ಣನ ಗುಡಿಗೂ ಊದುಬತ್ತಿ ಹಚ್ಚಿ ಮುಂದೆ ಹೋಗುತ್ತಾರೆ. ಲೋಯಾಂಗ್‌ನ ತುವಾ ಪೆಕ್ ಕೊಂಗ್ ಗುಡಿಯೊಳಗೆ ಗಣಪತಿಗೆ ಜಾಗ ಇದೆ, ದಾತುಕ್ ಎಂಬ ಮಲಯ ಸ್ಥಳದೇವರಿಗೂ ಇದೆ. 2020ರ ಜನಗಣತಿಯಲ್ಲಿ ಟಾವೋ ಮತ ಅಂತ ಬರೆಸಿದವರು ಸಿಂಗಪುರದಲ್ಲಿ ಶೇ. 8.8 ಮಾತ್ರ. ಬೌದ್ಧರು ಶೇ. 31.1. ಆದರೆ ತಂಗ್ಕಿಯ ಮುಂದೆ ಕೂತವರನ್ನು ಕೇಳಿದರೆ ಅರ್ಧ ಜನ ತಾವು ಬೌದ್ಧರು ಅನ್ನಬಹುದು. ಇಲ್ಲಿ ಯಾರೂ ಲೇಬಲ್ ನೋಡುವುದಿಲ್ಲ.

ಉಳಿದದ್ದು ಆಂಟಿ ಹೇಳುತ್ತಾರೆ. ಆದರೂ ಒಂದೆರಡು ಮಾತು. ಬಲಿಪೀಠಕ್ಕೂ ತಂಗ್ಕಿಗೂ ನಡುವೆ ಹಾಯಬೇಡಿ. ದೇವರು ಬಂದ ಮೇಲೆ ಆ ಮನುಷ್ಯನ ಹೆಸರು ಗೊತ್ತಿದ್ದರೂ ಹೆಸರಿಡಿದು ಕರೆಯಬೇಡಿ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸದ್ಯ ಹೋಗಬೇಡಿ, ಅವರೂ ಸೂತಕ ನೋಡುತ್ತಾರೆ. ಫೋಟೋಗೆ ತೋತಾವ್‌ನನ್ನು ಕೇಳಿ. ಬಂದವರ ಮುಖ ಮಾತ್ರ ಬೇಡ, ಅವರು ಮನೆಯ ಗುಟ್ಟು ಹೇಳಿಕೊಳ್ಳಲು ಬಂದಿರುತ್ತಾರೆ. ಪ್ರಶ್ನೆ ಇಲ್ಲದಿದ್ದರೆ ನಂಬರ್ ಚೀಟಿ ತೆಗೆದುಕೊಳ್ಳಬೇಡಿ, ಸುಮ್ನೆ ಹಿಂದೆ ನಿಲ್ಲಿ. ಕೊನೆಯಲ್ಲಿ ದೇವರು ಬಿಟ್ಟು ಹೋಗುವಾಗ ತಂಗ್ಕಿ ಗಬಕ್ಕನೆ ಹಿಂದಕ್ಕೆ ಜಿಗಿದು ಬೀಳುತ್ತಾನೆ. ಹಿಡಿಯಲು ಹುಡುಗರಿರುತ್ತಾರೆ, ಆ ಜಾಗ ಬಿಟ್ಟು ನಿಲ್ಲಿ.

ಮಗಳನ್ನು ಕರೆದುಕೊಂಡು ಹೋಗಿ, ಮಾಮೂಲಿ ದಿನ ರಕ್ತಗಿಕ್ತ ಇರುವುದಿಲ್ಲ. ಮೊದಲು ಆಂಟಿಯನ್ನು ಕೇಳಿ ಯಾವ ದೇವರ ದಿನ ಅಂತ. ನೆಝಾ ದಿನ ಆದರೆ ಒಳ್ಳೇದು, ಮಕ್ಕಳಿಗೆ ಮಿಠಾಯಿ ಎಸೆಯುತ್ತಾನೆ. ಡೋಲಿನ ಪಕ್ಕ ಮಾತ್ರ ನಿಲ್ಲಿಸಬೇಡಿ.

ಮಳೆಗಾಲ:

ಮತ್ತೆ ಫುಕೆಟ್ ಜಾತ್ರೆ? ಅದರ ಬಗ್ಗೆ ಯಾರೂ ಬರೆಯಲೇ ಇಲ್ಲ. ನಾವು ಅಕ್ಟೋಬರ್‌ನಲ್ಲಿ ಹೋಗುವವರಿದ್ದೇವೆ.

ಹ್ಸಿಂಚು ಹುಡುಗ:

ಒಂಬತ್ತು ಚಕ್ರವರ್ತಿ ದೇವರ ಹಬ್ಬ. ಚೀನೀ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ. ಹೆಚ್ಚಾಗಿ ಅಕ್ಟೋಬರ್‌ನಲ್ಲೇ ಬರುತ್ತದೆ, ಆದರೆ ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ನೋಡಿ ಟಿಕೆಟ್ ಮಾಡಿ. ಕಥು ಎಂಬಲ್ಲಿ ತವರದ ಗಣಿಯವರಿಗೆ ನಾಟಕ ಆಡಲು ಬಂದ ಚೀನೀ ಮಂಡಳಿಗೆ ಜ್ವರ ಹತ್ತಿತಂತೆ. ಮಾಂಸ ಬಿಟ್ಟು ವ್ರತ ಹಿಡಿದ ಮೇಲೆ ವಾಸಿಯಾಯಿತಂತೆ. ಅಲ್ಲಿಂದ ಶುರು ಅನ್ನುತ್ತಾರೆ. ಅಲ್ಲಿ ದೇವರು ಬಂದವರಿಗೆ ಮಾ ಸೋಂಗ್ ಅಂತ ಹೆಸರು. ಕೆನ್ನೆಗೆ ಸಲಾಕೆ ಬಿಡಿ, ಕತ್ತಿ, ಛತ್ರಿ, ಸೈಕಲ್ ಬಿಡಿಭಾಗ ಕೂಡ ತೂರಿಸಿಕೊಂಡು ಬೀದಿಯಲ್ಲಿ ನಡೆಯುತ್ತಾರೆ. ಬೆಳಿಗ್ಗೆ ಬೇಗ ಜುಯಿ ತುಯಿ ಗುಡಿ ಹತ್ತಿರ ಹೋಗಿ. ಬಿಳಿ ಬಟ್ಟೆ ಹಾಕಿ. ಪಟಾಕಿ ಮೈಮೇಲೇ ಬೀಳುತ್ತದೆ, ಕನ್ನಡಕ, ಮಾಸ್ಕ್ ಇಟ್ಟುಕೊಳ್ಳಿ. ಊಟದ ಚಿಂತೆ ಇಲ್ಲ. ಹಳದಿ ಬಾವುಟ ಹಾಕಿದ ಅಂಗಡಿಗಳಲ್ಲೆಲ್ಲ ಪೂರ್ತಿ ಸಸ್ಯಾಹಾರ. ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ.